ನಿಲ್ದಾ ಟೀಚರ್ ಗೋಡೆಗೆ ಅಂಟಿಸಿದ ಗುರಿಗಳು

ನಿಲ್ದಾ ಕಾಲಿಸಾಯ ಎಂಬ ಅಧ್ಯಾಪಕಿಯನ್ನು ನಮ್ಮ ವಿಲಾಕೋಟದ ಜನ ಮೆಚ್ಚಿಕೊಂಡವರಲ್ಲ. ಅವಳೂ ಅವರನ್ನು ಮೆಚ್ಚಿಕೊಂಡವಳಲ್ಲ. ಈ ಮಾತನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸುಲಭ. ಒಬ್ಬರ ವಿಷಯ ಬರೆಯಲು ಕುಳಿತರೆ ಅವರು ತೀರಿಕೊಂಡರೋ ಎಂಬಂತೆ ಹೊಗಳುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ನಿಲ್ದಾ ಬದುಕಿದ್ದಾಳೆ, ಒರೂರೊ ಪಟ್ಟಣದಲ್ಲಿದ್ದಾಳೆ. ಇದು ಅವಳ ಕೈಗೆ ಸಿಕ್ಕಿದರೆ ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಹಿಂದಕ್ಕೆ ಕಳುಹಿಸುವ ಹೆಂಗಸು. ನನ್ನ ಮಗಳ ವಯಸ್ಸಿನವಳಾದುದರಿಂದ ಏಕವಚನದಲ್ಲಿಯೇ ಬರೆಯುತ್ತೇನೆ.

ಆಗ ನಾನು ಅದೇ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದೆ. ಈ ಊರಿನ ಹೆಣ್ಣನ್ನು ಮದುವೆಯಾಗಿ, ಇಲ್ಲಿಯೇ ಕೂದಲು ನರೆಸಿಕೊಂಡವನು. ದೊಡ್ಡ ತರಗತಿಗಳಿಗೆ ಪಾಠ ಹೇಳಲು ನಿಲ್ದಾ ಬಂದದ್ದು ಫೆಬ್ರವರಿಯಲ್ಲಿ, ಶಾಲೆ ತೆರೆಯುವ ಹೊತ್ತಿಗೆ, ಸಂತೆಯ ಲಾರಿಯಲ್ಲಿ. ಕುಳ್ಳಗಿನ ಗಟ್ಟಿ ದೇಹ, ದೊಡ್ಡ ಗಂಟಲು. ಗಾಳಿಗೆ ತಲೆ ತಗ್ಗಿಸಿ ನೆಲ ನೋಡುತ್ತ ಬಿರಬಿರನೆ ನಡೆದುಬಿಡುತ್ತಿದ್ದಳು. ನಮ್ಮ ಬಯಲಿನಲ್ಲಿ ಎದುರಿಗೆ ಸಿಕ್ಕವರಿಗೆ ನಮಸ್ಕಾರ ಹೇಳದೆ ದಾಟಿಹೋಗುವುದು ಬೈಯುವುದಕ್ಕಿಂತ ದೊಡ್ಡ ಅವಮಾನ. ಅವಳು ಬಂದು ವಾರ ಕಳೆಯುವುದರೊಳಗೆ ಅರ್ಧ ಊರನ್ನು ಹಾಗೆ ಅವಮಾನಿಸಿ ಮುಗಿಸಿದ್ದಳು.

ಅದೇ ಲಾರಿಯಲ್ಲಿ ಸರ್ಕಾರ ಕೊಟ್ಟ ಮಡಚುವ ಕಂಪ್ಯೂಟರುಗಳೂ ಬಂದಿದ್ದವು. ನಿಲ್ದಾ ಅವುಗಳನ್ನು ಒಂದೊಂದಾಗಿ ಒರೆಸಿ, ಬೀರುವಿನಲ್ಲಿಟ್ಟು, ಬೀಗ ಹಾಕಿ, ಬೀಗದ ಕೈಯನ್ನು ಕೊರಳಿಗೆ ಕಟ್ಟಿಕೊಂಡಳು. ಬಳಿಕ ಒಂದು ದೊಡ್ಡ ರಟ್ಟಿನ ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ತರಗತಿಯ ಗೋಡೆಗೆ ಅಂಟಿಸಿದಳು. "ಈ ವರ್ಷದ ಗುರಿಗಳು. ಜೂನ್ ಒಳಗೆ ಪ್ರತಿ ಮಗುವೂ ಯಂತ್ರವನ್ನು ತಾನೇ ತೆರೆದು, ಒಂದು ಪುಟ ಬರೆದು, ತಾನೇ ಮುಚ್ಚಬೇಕು. ಸೆಪ್ಟೆಂಬರ್ ಒಳಗೆ ಯಂತ್ರದಿಂದ ಮನೆಗೆ ಉಪಯೋಗವಾಗುವ ಒಂದು ಕೆಲಸ ಮಾಡಬೇಕು. ವರ್ಷ ಮುಗಿಯುವುದರೊಳಗೆ ಯಂತ್ರಕ್ಕೆ ಹೆದರುವ ಮಗು ಒಂದೂ ಇರಬಾರದು."

ತಂದೆತಾಯಿಯರ ಸಭೆ ಕರೆದು ಅದನ್ನು ಓದಿಯೂ ಹೇಳಿದಳು. ಹೆಂಗಸರ ಸಾಲಿನ ಮುಂದೆ ಡೋನ್ಯಾ ಸಾತುರ್ನಿನಾ ಕುಳಿತಿದ್ದಳು. ಮರ್ಯಾದೆಗೆ ನಮ್ಮಲ್ಲಿ ಗಂಡಸರನ್ನು ಡೋನ್, ಹೆಂಗಸರನ್ನು ಡೋನ್ಯಾ ಎನ್ನುತ್ತೇವೆ. ಅವಳ ಮಗಳು ದೆಲಿನಾ ಐದನೆಯ ತರಗತಿ. ಸಾತುರ್ನಿನಾಳ ನಾಲಗೆಗೆ ನಮ್ಮ ಊರಿನಲ್ಲಿ ನಾಯಿಗಳೂ ದಾರಿ ಬಿಡುತ್ತವೆ.

"ಜೂನ್ ಒಳಗೆ ಮಕ್ಳು ಇದನ್ನೆಲ್ಲ ಕಲೀತಾರೆ, ಸರಿ. ಟೀಚರಮ್ಮ ಏನ್ ಕಲೀತಾರೆ? ದಾರೀಲಿ ಸಿಕ್ಕೋರಿಗೆ ನಮಸ್ಕಾರ ಅನ್ನೋದಾ?"

ಎಲ್ಲರೂ ನಕ್ಕರು. ನಿಲ್ದಾ ನಗಲಿಲ್ಲ. "ನಾನು ಕಲಿಸೋಕೆ ಬಂದೋಳು ಡೋನ್ಯಾ, ಕಲಿಯೋಕಲ್ಲ" ಎಂದಳು. ಆ ಒಂದು ಮಾತನ್ನು ಊರು ವರ್ಷಗಟ್ಟಲೆ ಜಗಿಯಿತು.

ಆ ಹಾಳೆಯ ಹಿಂದೆ ಏನಿತ್ತೆಂಬುದನ್ನು ಒಮ್ಮೆ ಚಹಾ ಕುಡಿಯುವಾಗ ಅವಳೇ ನನಗೆ ಹೇಳಿದ್ದಳು. ಅವಳು ಹುಡುಗಿಯಾಗಿದ್ದಾಗ ಗಣಿಯ ಕೇರಿಯ ಅವಳ ಶಾಲೆಗೆ ಒಂದು ಬೆರಳಚ್ಚು ಯಂತ್ರ ಬಂದಿತ್ತಂತೆ. ಮುಖ್ಯೋಪಾಧ್ಯಾಯರು ಅದನ್ನು ತಮ್ಮ ಕೋಣೆಯಲ್ಲಿ ಬಟ್ಟೆ ಹೊದಿಸಿ ಇಟ್ಟುಕೊಂಡಿದ್ದರು. ಇನ್ಸ್‌ಪೆಕ್ಟರು ಬಂದಾಗ ಮಾತ್ರ ಬಟ್ಟೆ ಸರಿಯುತ್ತಿತ್ತು. "ಆರು ವರ್ಷ ಆ ಬಟ್ಟೇನೇ ನೋಡ್ದೆ ಮೇಷ್ಟ್ರೇ. ಹೂವಿನ ಬಟ್ಟೆ" ಎಂದಳು. ಆಮೇಲೆ ಅವಳು ಮೊದಲು ಕೆಲಸಕ್ಕೆ ಸೇರಿದ ಊರಿನಲ್ಲಿ ಹೊಸ ಕಂಪ್ಯೂಟರುಗಳಿಗೆ ಜನ ಬಿಯರು ಎರೆದು ಹರಸಿದ್ದರಂತೆ. ಬಿಯರು ಒಣಗಿ ಅಕ್ಷರದ ಗುಂಡಿಗಳೆಲ್ಲ ಅಂಟಿಕೊಂಡು, ಒಂದೊಂದಾಗಿ ಯಂತ್ರಗಳೆಲ್ಲ ಸತ್ತವು.

ಇದು ನನಗೆ ತಿಳಿದಿತ್ತು, ಊರಿಗೆ ತಿಳಿದಿರಲಿಲ್ಲ.

ನಮ್ಮ ದೊಡ್ಡ ಹಬ್ಬ ಕಾರ್ನಿವಾಲಿನ ಮಂಗಳವಾರ ಬಂದಿತು. ಅಂದು ನಮ್ಮಲ್ಲಿ ಯಾವ ವಸ್ತುವೂ ಬಾಯಾರಿ ಇರುವಂತಿಲ್ಲ. ಮನೆ, ಲಾರಿ, ನೇಗಿಲು, ಕುರಿದೊಡ್ಡಿ, ಹೊಲಿಗೆಯ ಯಂತ್ರ ಎಲ್ಲಕ್ಕೂ ಬಣ್ಣದ ಕಾಗದ ಸುತ್ತಿ, ಭೂಮಿತಾಯಿಯ ಹೆಸರಿನಲ್ಲಿ ಬಿಯರನ್ನೋ ಸಾರಾಯಿಯನ್ನೋ ಎರೆದು, ಚಾಲ್ಯ ಎಂಬ ಪೂಜೆ ಮಾಡಬೇಕು. ಬರಿದೆ ಎರೆದರೆ ಸಾಲದು. ಆ ವರ್ಷ ಅದು ನಮಗೆ ಏನು ಮಾಡಿಕೊಡಬೇಕೆಂದು ಅದಕ್ಕೆ ಬಾಯಿಬಿಟ್ಟು ಹೇಳಬೇಕು. ಊರಿಗೆ ಸೇರಿದ ವಸ್ತುಗಳಿಗೆ ಹೇಳುವವನು ಊರ ಯಜಮಾನ. ಯಜಮಾನಿಕೆ ನಮ್ಮಲ್ಲಿ ವರ್ಷಕ್ಕೊಂದು ಮನೆಯಂತೆ ಸುತ್ತಿ ಬರುತ್ತದೆ. ಅವನ ವರ್ಷದಲ್ಲಿ ಮಳೆಯಾದರೆ ಅವನ ಪುಣ್ಯ, ಆಲಿಕಲ್ಲು ಬಿದ್ದರೆ ಅವನ ಪಾಪ. ಆ ವರ್ಷದ ಯಜಮಾನ ಡೋನ್ ಫಾವುಸ್ತಿನೋ ಯುಹ್ರಾ, ಕಪ್ಪು ಹ್ಯಾಟು, ಕೆಂಪು ಕಂಬಳಿ, ಎದೆಗೆ ಅಡ್ಡಲಾಗಿ ತೂಗುಬಿಟ್ಟ ಅಧಿಕಾರದ ಚಾಟಿ. ಒಳ್ಳೆಯ ಮನುಷ್ಯ. ಅಕ್ಷರ ಬಾರದು, ಆ ಕೊರಗನ್ನು ಗಡಸು ದನಿಯಲ್ಲಿ ಮುಚ್ಚಿಕೊಳ್ಳುತ್ತಿದ್ದ.

ವಾದ್ಯದವರನ್ನು ಮುಂದಿಟ್ಟುಕೊಂಡು ಮೆರವಣಿಗೆ ಶಾಲೆಗೆ ಬಂದಿತು. ಫಾವುಸ್ತಿನೋ ನೀರಿನ ಪಂಪಿಗೆ ಎರೆದು, "ಈ ವರ್ಷ ಗಂಟಲು ಒಣಗಿಸ್ಕೋಬೇಡಮ್ಮ" ಎಂದ. ಗಂಟೆಗೆ, "ಗಾಳಿ ಎಷ್ಟೇ ಕೂಗಲಿ, ಮಕ್ಳಿಗೆ ನಿನ್ನ ದನಿಯೇ ಕೇಳ್ಲಿ" ಎಂದ. ನನ್ನ ಕುರ್ಚಿಗೂ ಒಂದು ಗುಟುಕು ಎರೆದು, "ಮೇಷ್ಟ್ರು ವರ್ಷ ವರ್ಷ ದಪ್ಪ ಆಗ್ತಿದ್ದಾರೆ, ಸ್ವಲ್ಪ ತಡ್ಕೋ" ಎಂದಾಗ ನಾನೂ ನಕ್ಕೆ.

ಆಮೇಲೆ ಕಂಪ್ಯೂಟರುಗಳ ಸರದಿ. ತರಗತಿಯ ಬಾಗಿಲಿಗೆ ಬೀಗ. ಬೀಗದ ಮುಂದೆ ನಿಲ್ದಾ, ಕೈಕಟ್ಟಿಕೊಂಡು.

"ಒಂದು ತೊಟ್ಟೂ ಒಳಗೆ ಬರೋ ಹಾಗಿಲ್ಲ."

"ನಾವೇನು ಕುಡಿದು ಅದನ್ನ ಮುಳುಗಿಸೋಕೆ ಬಂದ್ವಾ?" ಎಂದ ಫಾವುಸ್ತಿನೋ. "ಹೊಸ ವಸ್ತು. ನಮ್ಮ ನೆಲಕ್ಕೆ ಬಂದಿದೆ. ನೆಲಕ್ಕೆ ಅದರ ಗುರುತು ಹೇಳ್ಬೇಕು."

"ಯಂತ್ರಕ್ಕೆ ಬಾಯಾರಿಕೆ ಇಲ್ಲ ತಾತ."

"ಭೂಮಿಗಿದೆ."

"ಹಾಗಾದ್ರೆ ಭೂಮಿಗೇ ಕುಡಿಸಿ. ಹೊರಗಡೆ ಬೇಕಾದಷ್ಟಿದೆ."

ವಾದ್ಯ ನಿಂತಿತು. ಫಾವುಸ್ತಿನೋ ಬಾಗಿಲಿನ ಮುಂದೆ ಬಾಟಲಿಯನ್ನು ಕೈಯಲ್ಲಿ ತಿರುವುತ್ತ ನಿಂತಿದ್ದ. ಅವನ ತುಟಿಗಳು ಅಲುಗುತ್ತಿದ್ದವು, ಮಾತು ಹೊರಡುತ್ತಿರಲಿಲ್ಲ. ಸಿಟ್ಟು ಎಂದುಕೊಂಡೆ. ಕೊನೆಗೆ ಅವನು ಹೊಸ್ತಿಲ ಮೇಲೆ ಬಾಟಲಿಯನ್ನು ಬೋರಲು ಹಾಕಿದ. ಬಿಯರು ಸಿಡಿದು ನಿಲ್ದಾಳ ಬೂಟುಗಳನ್ನು ತೋಯಿಸಿತು. ಅವಳು ಕಾಲು ಹಿಂದಕ್ಕೆ ತೆಗೆಯಲಿಲ್ಲ. ಮೆರವಣಿಗೆ ತಿರುಗಿ ಹೋಯಿತು. ಹೋಗುವಾಗ ಸಾತುರ್ನಿನಾ, "ಬೂಟಿಗಾದ್ರೂ ಚಾಲ್ಯ ಆಯ್ತಲ್ಲ. ಬೂಟೇ, ಬಂದ ದಾರಿ ಹಿಡಿ ನಮ್ಮಪ್ಪ" ಎಂದಳು.

ಅಂದಿನಿಂದ ಊರು ಬಿಗಿದುಕೊಂಡಿತು. ನಿಲ್ದಾಳಿಗೆ ಮೊಟ್ಟೆ ಸಿಗುತ್ತಿರಲಿಲ್ಲ. ಕೋಳಿಗಳೆಲ್ಲ ಒಮ್ಮೆಗೇ ಮೊಟ್ಟೆ ಇಡುವುದನ್ನು ನಿಲ್ಲಿಸಿದವಂತೆ. ಪಂಪಿನ ಬಳಿ ಅವಳ ಬಿಂದಿಗೆ ಸರದಿಯಲ್ಲಿ ಎಷ್ಟು ಮುಂದಿದ್ದರೂ ಅದು ಹೇಗೋ ಕೊನೆಗೆ ಸೇರುತ್ತಿತ್ತು. ಅವಳ ಖಾಲಿ ಗ್ಯಾಸ್ ಸಿಲಿಂಡರನ್ನು ಪಟ್ಟಣಕ್ಕೆ ಒಯ್ಯಲು ಲಾರಿಯಲ್ಲಿ ಎಂದೂ ಜಾಗವಿರುತ್ತಿರಲಿಲ್ಲ. ಕುರಿಯ ಹಿಕ್ಕೆ ಆರಿಸಿ ಒಲೆ ಹೊತ್ತಿಸಲು ಪಟ್ಟಣದಲ್ಲಿ ಬೆಳೆದ ಅವಳಿಗೆ ಬಾರದು. ನನ್ನ ಹೆಂಡತಿ ಬಿಸಿ ಸಾರು ಕಳುಹಿಸಿದರೆ, "ಪಾತ್ರೆ ಮುಚ್ಚಿ ತನ್ನಿ ಮೇಷ್ಟ್ರೇ, ನಿಮ್ಮನ್ನೂ ಬೈದಾರು" ಎನ್ನುತ್ತಿದ್ದಳು.

ಅವಳೂ ಸುಮ್ಮನಿರುವವಳಲ್ಲ. ಕುರಿ ಮೇಯಿಸಿ ತಡವಾಗಿ ಬಂದ ಮಕ್ಕಳ ತಾಯಂದಿರನ್ನು ಬಾಗಿಲಲ್ಲೇ ನಿಲ್ಲಿಸಿ ಗದರುವಳು. ಯಜಮಾನನಿಗೇ ಮೊಮ್ಮಗನ ಗೈರುಹಾಜರಿಗೆ ಕಾರಣ ಕೇಳಿ ಹೇಳಿಕಳುಹಿಸಿದಳು. ನಾನು ಬುದ್ಧಿ ಹೇಳಿದೆ. "ಒಂದು ಹಿಡಿ ಕೋಕ ಎಲೆ ತಗೊಂಡು ಅವನ ಮನೆಗೆ ಹೋಗಮ್ಮ. ಎಲೆ ಮುಂದಿಡದೆ ಇಲ್ಲಿ ಯಾವ ಮಾತೂ ಶುರುವಾಗೋದಿಲ್ಲ."

"ನನಗೆ ಜೂನ್ ಒಳಗೆ ಮುಗಿಸೋ ಗುರಿ ಇದೆ ಮೇಷ್ಟ್ರೇ. ಅವರ ಅಂಗಳದಲ್ಲಿ ಕೂತು ಎಲೆ ಅಗಿಯೋಕೆ ಪುರುಸೊತ್ತಿಲ್ಲ."

ಆದರೆ ತರಗತಿಯೊಳಗೆ ಅವಳು ಬೇರೆಯೇ. ನನ್ನ ಕೋಣೆಗೂ ಅವಳದಕ್ಕೂ ನಡುವೆ ಒಂದು ಕಿಟಕಿಯಿತ್ತು. ಅಲ್ಲಿ ಅವಳು ಮಣ್ಣಿನ ನೆಲದ ಮೇಲೆ ಮಂಡಿಯೂರಿ, ಚಳಿಗೆ ಬಿರಿದ ಪುಟ್ಟ ಬೆರಳುಗಳನ್ನು ತನ್ನ ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ, ಆಮೇಲೆ ಅಕ್ಷರಗಳ ಮೇಲೆ ಇಡುತ್ತಿದ್ದಳು. ಮಗು ತಪ್ಪಾಗಿ ಒತ್ತಿದರೆ ಗದರುತ್ತಿರಲಿಲ್ಲ. "ಅದು ನಿನ್ನ ಕಚ್ಚೋದಿಲ್ಲ. ಇನ್ನೊಂದ್ಸಲ" ಎನ್ನುವಳು. ಅವಳು ಕೊಟ್ಟ ಮೊದಲ ಬರವಣಿಗೆ: ಕಾರ್ನಿವಾಲಿನಲ್ಲಿ ನಿಮ್ಮ ಮನೆಯಲ್ಲಿ ಏನು ನಡೆಯಿತು? ಮಕ್ಕಳು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಅಪ್ಪ ಲಾರಿಗೆ, ಕಮರಿ ಕಂಡರೆ ಕಣ್ಣು ಮುಚ್ಚಬೇಡ ಎಂದ. ಅಜ್ಜಿ ದೊಡ್ಡಿಗೆ, ನರಿ ಕರೆದರೆ ಬಾಗಿಲು ತೆಗೆಯಬೇಡ ಎಂದಳು. ನಿಲ್ದಾ ಅವನ್ನೆಲ್ಲ ಓದಿದಳು. ತಿದ್ದಿದಳು. ಎತ್ತಿಟ್ಟುಕೊಂಡಳು.

ಮಾರ್ಚಿ ಮುಗಿಯುವಾಗ ಆಲಿಕಲ್ಲು ಬಿತ್ತು. ಹಗಲು ಊಟದ ಹೊತ್ತಿನಲ್ಲಿ ಬೆಟ್ಟದ ಕಡೆಯಿಂದ ಬಿಳಿಯ ಗೋಡೆಯಂತೆ ಬಂದು, ಶಾಲೆಯ ಪಕ್ಕದ ಹೊಲಗಳ ಆಲೂಗಡ್ಡೆಯ ಗಿಡಗಳನ್ನು ಚಿಂದಿ ಮಾಡಿ, ಆಚೆಯ ಹೊಲಗಳನ್ನು ಮುಟ್ಟದೆ ಹೋಯಿತು. ಹರಿದ ಎಲೆಗಳ ಹಸಿವಾಸನೆ ಎರಡು ದಿನ ಶಾಲೆಯೊಳಗೂ ಇತ್ತು. ಜನ ಮೊದಲು ನೋಡಿದ್ದು ಫಾವುಸ್ತಿನೋನ ಮುಖವನ್ನು. ಅವನ ವರ್ಷವಲ್ಲವೇ! ಅವನು ಏನು ತಪ್ಪು ನಡೆಸಿದ, ಯಾವ ಪೂಜೆ ಬಿಟ್ಟ ಎಂದು ಮನೆಮನೆಯಲ್ಲಿ ಮಾತಾಯಿತು. ಅವನ ಹೆಂಡತಿ ಪಂಪಿಗೆ ಬರುವುದನ್ನು ಬಿಟ್ಟಳು. ಆಗ ಯಾರೋ ಅಂದರು: ಅವನು ಬಿಟ್ಟದ್ದು ಒಂದೇ ಚಾಲ್ಯ, ಅದನ್ನು ಬಿಡಿಸಿದವಳು ಆ ಟೀಚರು.

ಭಾನುವಾರ ಶಾಲೆಯ ಅಂಗಳದಲ್ಲಿ ಊರ ಸಭೆ ಸೇರಿತು. ಗಂಡಸರು ಗೋಡೆಯ ಕಟ್ಟೆಯ ಮೇಲೆ, ಹೆಂಗಸರು ನೆಲದ ಮೇಲೆ ಲಂಗ ಹರಡಿಕೊಂಡು. ನಿಲ್ದಾಳಿಗೆ ಯಾರೂ ಕೂರಲು ಹೇಳಲಿಲ್ಲ. ಅವಳು ನಡುವೆ ನಿಂತಳು.

"ಟೀಚರಮ್ಮ, ಊರಿನ ಮಾತು ಇಷ್ಟೇ" ಎಂದ ಫಾವುಸ್ತಿನೋ. "ಇವತ್ತೇ ಬಾಗ್ಲು ತೆಗೀರಿ, ಚಾಲ್ಯ ಆಗ್ಲಿ. ಇಲ್ದಿದ್ರೆ ನಾಳೆ ಲಾರಿ ಬರುತ್ತೆ. ನೀವೂ ಹತ್ತಿ, ನಿಮ್ಮ ಯಂತ್ರಗಳನ್ನೂ ಹತ್ತಿಸಿ. ಶಾಲೆಗೆ ನಮ್ಮ ಬೀಗ ಬೀಳುತ್ತೆ."

ಅದು ಬರಿಯ ಬೆದರಿಕೆಯಲ್ಲ. ಊರು ಬೀಗ ಹಾಕಿದರೆ ಪಟ್ಟಣದ ಕಚೇರಿಯವರೂ ಬಂದು ತೆಗೆಯುವುದಿಲ್ಲ, ಬೇರೊಬ್ಬ ಅಧ್ಯಾಪಕರನ್ನು ಕಳುಹಿಸುತ್ತಾರೆ. ಕಂಪ್ಯೂಟರುಗಳು ಇನ್ನೊಂದು ಊರಿಗೆ ಹೋಗುತ್ತವೆ. ಆಗತಾನೆ ಅಕ್ಷರ ಹುಡುಕಿ ಒತ್ತಲು ಕಲಿತ ಮಕ್ಕಳು ಗೋಡೆಯ ಮರೆಯಲ್ಲಿ ಸಾಲಾಗಿ ಕುಳಿತು ಕೇಳುತ್ತಿದ್ದರು.

"ನಿಮ್ಮ ಹೊಲಕ್ಕೆ ಆಲಿಕಲ್ಲು ಬಿದ್ದಿದ್ದು ಮೋಡದಿಂದ, ನನ್ನ ಬೀರುವಿನಿಂದಲ್ಲ" ಎಂದಳು ನಿಲ್ದಾ.

"ಹಾಗಾದ್ರೆ ಮೋಡ ಶಾಲೆ ಪಕ್ಕದ ಹೊಲಕ್ಕೇ ಯಾಕೆ ಬಂತು?" ಸಾತುರ್ನಿನಾ ಕೇಳಿದಳು. "ಓದಿದವರು ನೀವು, ಹೇಳಿ."

"ಆಲಿಕಲ್ಲು ಬೀಳೋ ಜಾಗ ನೋಡೇ ಶಾಲೆ ಕಟ್ಟಿದ್ದೀರಿ ಡೋನ್ಯಾ. ಒಳ್ಳೆ ನೆಲ ನಿಮಗೆ, ಯಾರಿಗೂ ಬೇಡದ ನೆಲ ಶಾಲೆಗೆ. ನಾನು ಬರೋಕೆ ಮುಂಚೆ ಇಲ್ಲಿ ಆಲಿಕಲ್ಲೇ ಬಿದ್ದಿರ್ಲಿಲ್ವಾ? ಮೇಷ್ಟ್ರನ್ನ ಕೇಳಿ!"

ಎಲ್ಲರೂ ನನ್ನ ಕಡೆ ನೋಡಿದರು. ಬಿದ್ದಿತ್ತು ಎಂದೆ. ಹಿಂದಿನಿಂದ ಒಬ್ಬ, "ಮೇಷ್ಟ್ರು ಸಾರು ಕಳಿಸೋ ಕಡೆಗೇ ಮಾತೂ ಕಳಿಸ್ತಾರೆ" ಎಂದ. ನಗು ಎದ್ದಿತು. ಒಳ್ಳೆಯ ನಗುವಲ್ಲ.

ನಿಲ್ದಾ ಕೊರಳಿನಿಂದ ಬೀಗದ ಕೈ ತೆಗೆದು ಮೇಲೆ ಹಿಡಿದಳು. "ತೆಗೀತೀನಿ. ಮಾಡಿ ನಿಮ್ಮ ಚಾಲ್ಯ. ಆದ್ರೆ ಮೊದ್ಲು ಒಂದು ಉತ್ತರ ಬೇಕು. ನಿಮ್ಮ ಮಕ್ಳು ಬರೆದಿದ್ದನ್ನ ನಾನು ಓದಿದ್ದೀನಿ. ಪಂಪಿಗೆ ಗಂಟಲು ಒಣಗಿಸ್ಬೇಡ ಅಂದ್ರಿ. ಲಾರಿಗೆ ಕಣ್ಣು ಮುಚ್ಬೇಡ ಅಂದ್ರಿ. ದೊಡ್ಡಿಗೂ ಒಂದು ಮಾತು ಹೇಳಿದ್ರಿ. ಈ ಯಂತ್ರಕ್ಕೆ ಏನಂತ ಹೇಳ್ತೀರಿ ತಾತ? ಆವತ್ತು ಬಾಟ್ಲಿ ಹಿಡ್ಕೊಂಡು ನನ್ನ ಮುಂದೆ ನಿಂತಿದ್ರಲ್ಲ, ಆಗ ಏನ್ ಹೇಳೋಕಿದ್ರಿ? ಈಗ್ಲೇ ಹೇಳಿ. ಎಲ್ರೂ ಕೇಳ್ಲಿ."

ಅದು ಪ್ರಶ್ನೆಯಾಗಿರಲಿಲ್ಲ, ಚಾಟಿಯಾಗಿತ್ತು. ಫಾವುಸ್ತಿನೋ ಬಾಯಿ ತೆರೆದು ಮುಚ್ಚಿದ. ಗಾಳಿ ಅವನ ಕಂಬಳಿಯ ಅಂಚನ್ನು ಎತ್ತಿ ಬಿಡುತ್ತಿತ್ತು. ಇಡೀ ಊರಿನ ಮುಂದೆ ಮಾತಿಲ್ಲದೆ ನಿಂತ ಯಜಮಾನನನ್ನು ನಾನು ಮತ್ತೆ ನೋಡಿಲ್ಲ. ನೋಡಲು ಇಷ್ಟವೂ ಇಲ್ಲ.

"ಏನೂ ಇರ್ಲಿಲ್ಲ" ಎಂದ ಕೊನೆಗೆ, ತಗ್ಗಿದ ದನಿಯಲ್ಲಿ. "ದಾರಿಯುದ್ದಕ್ಕೂ ಹುಡುಕ್ತಾ ಬಂದೆ, ಮಾತು ಸಿಗ್ಲಿಲ್ಲ. ಅದು ಏನ್ ಮಾಡುತ್ತೆ ಅಂತ ಗೊತ್ತಿದ್ರೆ ತಾನೇ ಏನಾದ್ರೂ ಕೇಳೋದು? ಯಾರಾದ್ರೂ ನಮಗೆ ಅದನ್ನ ತೋರಿಸಿದ್ರಾ? ಬೀಗ ತೋರಿಸಿದ್ರಿ."

ನಿಲ್ದಾ ಕೈ ಇಳಿಸಿದಳು. ಅವಳ ಮುಖ ನನ್ನ ಕಡೆಗಿತ್ತು. ಆ ಹೂವಿನ ಬಟ್ಟೆ ಅವಳಿಗೆ ನೆನಪಾಯಿತೋ ಇಲ್ಲವೋ ನಾನರಿಯೆ; ನನಗಂತೂ ನೆನಪಾಯಿತು.

ಆಗ ಸಾತುರ್ನಿನಾ ಲಂಗ ಕೊಡವಿ ಎದ್ದಳು. "ತಾತನ ಹತ್ರ ಮಾತಿಲ್ಲದಿದ್ರೆ ನನ್ನ ಹತ್ರ ಇದೆ. ನಾನು ಕೇಳ್ತೀನಿ. ಹೋದ ವಾರ ನನ್ನ ಮಗಳನ್ನ, ಗೋಡೆ ಮೇಲೆ ಟೀಚರು ಜೂನು ಗೀನು ಅಂತ ಬರೆದಿದ್ದಾರಲ್ಲ, ಅದೇನೇ ಅಂದೆ. ನಿನಗೆ ಅರ್ಥ ಆಗೋದಿಲ್ಲ ಬಿಡಮ್ಮ ಅಂದ್ಳು. ನಕ್ಕಳು. ನನ್ನ ಹೊಟ್ಟೇಲಿ ಹುಟ್ಟಿದೋಳು, ನಾನು ಹಿಮಕ್ಕಿಟ್ಟು ಒಣಗಿಸಿದ ಆಲೂಗಡ್ಡೆ ಚುನ್ಯೋ ತಿಂದು ಬೆಳೆದೋಳು! ಮಕ್ಳು ಯಂತ್ರಕ್ಕೆ ಹೆದರ್ಬಾರ್ದು ಅಂತ ಬರೆದ್ರಲ್ಲ ಟೀಚರಮ್ಮ, ಹೆತ್ತೋರನ್ನ ನೋಡಿ ನಗಬಾರ್ದು ಅಂತ ಬರೆದ್ರಾ? ಅದನ್ನ ಕೇಳ್ತೀನಿ ನಿಮ್ಮ ಯಂತ್ರಾನ. ನನ್ನ ಮಗಳ ಬಾಯಿಗೆ ಆ ನಗು ಕೊಡಬೇಡ ಅಂತ."

ಗೋಡೆಯ ಮರೆಯಲ್ಲಿ ದೆಲಿನಾ ತಲೆಯನ್ನು ಮಂಡಿಗಳ ನಡುವೆ ಹುದುಗಿಸಿಕೊಂಡಳು.

ನಿಲ್ದಾ ಒಳಗೆ ಹೋಗಿ ಗೋಡೆಯಿಂದ ರಟ್ಟನ್ನು ಕಿತ್ತು ತಂದಳು. ಹೊರಟುಹೋಗುತ್ತಾಳೆ ಎಂದುಕೊಂಡವರು ಅನೇಕರು. ಅವಳು ರಟ್ಟಿನ ಖಾಲಿ ಬೆನ್ನನ್ನು ಮೇಲೆ ಮಾಡಿ ನೆಲದ ಮೇಲಿಟ್ಟು, ಗಾಳಿಗೆ ಹಾರದಂತೆ ಮೂಲೆಗಳಿಗೆ ಕಲ್ಲು ಹೇರಿ, ಮಂಡಿಯೂರಿದಳು.

"ಇನ್ನೊಂದ್ಸಲ ಹೇಳಿ. ನಿಧಾನವಾಗಿ."

ಸಾತುರ್ನಿನಾ ಹೇಳಿದಳು. ನಿಲ್ದಾ ಬರೆದಳು. ಬರೆದದ್ದನ್ನು ಓದಿ ಹೇಳಿದಾಗ ಸಾತುರ್ನಿನಾ, "ಅಷ್ಟು ಮೆತ್ತಗೆ ಅಲ್ಲ ನಾನಂದಿದ್ದು" ಎಂದು ಮತ್ತೆ ಬರೆಸಿದಳು. ಅಲ್ಲಿಂದ ಸಭೆ ಸಂತೆಯಾಯಿತು. ಉಣ್ಣೆಯ ಬೆಲೆ ಪಟ್ಟಣದಲ್ಲಿ ಎಷ್ಟೆಂದು ತಿಳಿಸಲಿ ಎಂದ ಒಬ್ಬ.

"ಇಲ್ಲಿ ಸಿಗ್ನಲ್ ಇಲ್ಲ. ಸ್ಮಶಾನದ ಮೇಲಿನ ಗುಡ್ಡ ಹತ್ತಬೇಕು."

"ಕುರಿ ಹಿಂದೆ ದಿನಾ ಹತ್ತೋ ಮಕ್ಳು, ಇದಕ್ಕೆ ಹತ್ತೋಕೇನು ರೋಗ?"

ಬರೆದಳು. ಇನ್ನೊಬ್ಬ, "ಆಲಿಕಲ್ಲು ತಡೀಲಿ" ಎಂದ.

"ಅದು ಆಗೋ ಕೆಲಸ ಅಲ್ಲ. ಆಗದ್ದನ್ನ ನಾನು ಗುರಿ ಅಂತ ಬರೆಯೋದಿಲ್ಲ."

"ನೋಡಿದ್ರಾ! ಮತ್ತೆ ಶುರು ಮಾಡಿದ್ಳು!" ಅಂಗಳ ಮತ್ತೆ ಕುದಿಯಿತು. ನಾಳೆಯ ಲಾರಿಯ ಮಾತು ಮತ್ತೆ ಬಂದಿತು. ಆಗ ಫಾವುಸ್ತಿನೋ ಚಾಟಿಯ ಹಿಡಿಯಿಂದ ಕಟ್ಟೆಯನ್ನು ಬಡಿದ.

"ಸಾಕು. ಆಲಿಕಲ್ಲಿನ ಲೆಕ್ಕ ನನ್ನ ವರ್ಷದ್ದು. ಅದನ್ನ ನಾನೇ ಹೊರ್ತೀನಿ. ಯಂತ್ರದ ತಲೆ ಮೇಲೆ ಹಾಕೋಕೆ ನನಗೆ ನಾಚಿಕೆ ಆಗುತ್ತೆ." ಆಮೇಲೆ ನಿಲ್ದಾಳ ಕಡೆ ತಿರುಗಿ, ಅದೇ ಗಡಸಿನಲ್ಲಿ, "ಇದನ್ನೂ ಬರ್ಕೊಳ್ಳಿ. ಮಕ್ಳು ಏನ್ ಕಲಿತ್ರೂ ಮೊದ್ಲು ಮನೇಲಿ ಕಲಿಸ್ಬೇಕು. ಕಲಿಸುವಾಗ ನಕ್ಕೋರು ಒಂದು ವಾರ ಯಂತ್ರ ಮುಟ್ಟೋ ಹಾಗಿಲ್ಲ. ಮೊದಲನೇ ದಿನ ನನಗೆ. ನನ್ನ ಹೆಸರು ಹೇಗೆ ಒತ್ತೋದು ಅಂತ ನೋಡ್ಬೇಕು" ಎಂದ.

"ಹೆಸರು ಒತ್ತೋಕೆ ಒಂದು ದಿನ ಸಾಲದು."

"ನಾನೇನು ಊರು ಬಿಟ್ಟು ಹೋಗ್ತಿಲ್ಲ. ನೀವು ಹೋಗ್ತೀರೋ ಏನೋ."

"ಜೂನ್ ಆಗೋವರೆಗೆ ನಾನೂ ಹೋಗೋದಿಲ್ಲ" ಎಂದು ನಿಲ್ದಾ ಎದ್ದು ಬೀಗ ತೆಗೆದಳು.

ಚಾಲ್ಯ ನಡೆಯಿತು. ಅವಳ ಷರತ್ತಿನಂತೆ ಪಾನವೆಲ್ಲ ಕೋಣೆಯ ನಾಲ್ಕು ಮೂಲೆಗಳ ನೆಲಕ್ಕೆ. ಮುಚ್ಚಿದ ಯಂತ್ರಗಳ ಮೇಲೆ ಬಣ್ಣದ ಕಾಗದದ ಚೂರು, ಕೋಕ ಎಲೆ ಮಾತ್ರ. ಎಲೆ ತಂದವಳು ನಿಲ್ದಾ. ನನ್ನ ಹೆಂಡತಿಯ ಹೊದ್ದ ಶಾಲಿನ ಗಂಟಿನಿಂದ, ಕೇಳದೆಯೇ ತೆಗೆದುಕೊಂಡು. ನಿಲ್ದಾ ರಟ್ಟನ್ನು ನೋಡಿ ಒಂದೊಂದು ಸಾಲನ್ನೂ ಓದಿ ಹೇಳಿದಳು, ಫಾವುಸ್ತಿನೋ ಅದನ್ನು ತನ್ನ ಮಾತಿನಲ್ಲಿ ಯಂತ್ರಗಳಿಗೆ ಹೇಳಿದ. ಕೊನೆಯಲ್ಲಿ ಸಾತುರ್ನಿನಾ ಬೆರಳನ್ನು ಬಿಯರಿನಲ್ಲಿ ಅದ್ದಿ, ದೆಲಿನಾಳ ಪಾಲಿನ ಯಂತ್ರವನ್ನು ತೆರೆದು, ಬೇಕೆಂದೇ ಒಂದು ತೊಟ್ಟನ್ನು ಅಕ್ಷರಗಳ ಮೇಲೆ ಬಿಟ್ಟಳು. ನಿಲ್ದಾ ತೋಳಿನಿಂದ ಅದನ್ನು ಒರೆಸಿ ಅವಳನ್ನು ನೋಡಿದ ನೋಟದಲ್ಲಿ ಹಾಲು ಒಡೆಯಬಹುದಿತ್ತು. ಆ ಯಂತ್ರದಲ್ಲಿ ಒಂದು ಅಕ್ಷರ ಕೊನೆಯವರೆಗೂ ಅಂಟಿಕೊಂಡೇ ಇತ್ತು. "ನಿಮ್ಮ ಆಶೀರ್ವಾದ ಡೋನ್ಯಾ" ಎಂದು ನಿಲ್ದಾ ಸಿಕ್ಕಾಗಲೆಲ್ಲ ನೆನಪಿಸುತ್ತಿದ್ದಳು.

ಇದರಿಂದ ಅವರೆಲ್ಲ ಸ್ನೇಹಿತರಾದರೆಂದು ಬರೆದರೆ ಸುಳ್ಳಾಗುತ್ತದೆ. ಅವಳು ಇದ್ದಷ್ಟು ವರ್ಷವೂ ಕಾರ್ನಿವಾಲಿನ ಮಂಗಳವಾರ ಆ ಅಂಗಳದಲ್ಲಿ ರಟ್ಟು ಹರಡಿ, ಮೂಲೆಗಳಿಗೆ ಕಲ್ಲು ಹೇರಿಕೊಂಡು ಜಗಳ ನಡೆಯುತ್ತಿತ್ತು. ಯಾವುದು ಗುರಿ, ಯಾವುದು ಅಲ್ಲ, ಹೋದ ವರ್ಷದ್ದು ಯಾಕೆ ಆಗಲಿಲ್ಲ, ತಪ್ಪು ಯಾರದು! ಒಮ್ಮೆ ಸಾತುರ್ನಿನಾ ತನ್ನ ತಲೆಯ ಮೇಲಿನ ಹ್ಯಾಟನ್ನೇ ಎಸೆದಳು. ನಮಸ್ಕಾರ ಹೇಳುವುದನ್ನು ನಿಲ್ದಾ ಕಲಿತಳು, ಆದರೆ ಅದನ್ನು ಬೈಗುಳದಂತೆ ಹೇಳುತ್ತಿದ್ದಳು. ಮೊಟ್ಟೆ ಸಿಗತೊಡಗಿತು, ಯಾವಾಗಲೂ ಚಿಕ್ಕವು. ಆ ಜೂನಿನಲ್ಲಿ ಎಲ್ಲ ಮಕ್ಕಳೂ ಪುಟ ಬರೆದರು. ಫಾವುಸ್ತಿನೋ ತನ್ನ ಹೆಸರಿನ ಕೊನೆಯ ಅಕ್ಷರದವರೆಗೆ ಮುಟ್ಟಿದ್ದು ಸೆಪ್ಟೆಂಬರಿನಲ್ಲಿ. ಮೊಮ್ಮಗ ಒಮ್ಮೆ ನಕ್ಕು ಒಂದು ವಾರ ಹೊರಗೆ ಕುಳಿತ.

ಅವಳಿಗೆ ವರ್ಗವಾದಾಗ ನಾನು ನಿವೃತ್ತನಾಗಿದ್ದೆ. ಬೀಳ್ಕೊಡುಗೆಗೆ ವಾದ್ಯವಿರಲಿಲ್ಲ. ಲಾರಿ ಹೊರಡುವ ಹೊತ್ತಿಗೆ ಸಾತುರ್ನಿನಾ ಎಲ್ಲಿಂದಲೋ ಬಂದು, ಬಟ್ಟೆಯಲ್ಲಿ ಸುತ್ತಿದ ಕುರಿಹಾಲಿನ ಚೀಸ್ ಒಂದನ್ನು ಕಿಟಕಿಯೊಳಗೆ ತುರುಕಿದಳು.

"ಪ್ರೀತಿಗೆ ಕೊಟ್ಟೆ ಅಂದ್ಕೋಬೇಡಿ. ಉಪ್ಪು ಜಾಸ್ತಿ ಆಯ್ತು, ಮನೇಲಿ ಯಾರೂ ತಿನ್ನಲ್ಲ."

"ನಿಮ್ಮ ಕೈಯಲ್ಲಿ ಯಾವತ್ತು ಉಪ್ಪು ಕಡಿಮೆ ಆಗಿತ್ತು ಡೋನ್ಯಾ?" ಎಂದು ನಿಲ್ದಾ ಕಿಟಕಿಯ ಗಾಜು ಏರಿಸಿಕೊಂಡಳು.

ಅವಳ ಬದಲಿಗೆ ಬಂದ ತರುಣ ಬಹಳ ಸೌಮ್ಯ. ಎಲ್ಲರಿಗೂ ಕೈಮುಗಿಯುವ, ಎಲ್ಲರನ್ನೂ ನೋಡಿ ನಗುವ. ಮೊದಲ ವಾರದಲ್ಲಿಯೇ ಅಂದವಾದ ಅಕ್ಷರದಲ್ಲಿ ತನ್ನ ಗುರಿಗಳನ್ನು ಬರೆದು ಗೋಡೆಗೆ ಅಂಟಿಸಿದ. ಸಾತುರ್ನಿನಾ ಬಾಗಿಲಲ್ಲಿ ನಿಂತು, ನಿಲ್ದಾಳ ಬಳಿ ತಾನು ಕಲಿತ ಅಕ್ಷರಗಳನ್ನು ಕೂಡಿಸಿಕೊಂಡು, ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಆಮೇಲೆ ಒಳಗೆ ನಡೆದು, ಅದನ್ನು ಗೋಡೆಯಿಂದ ಬಿಡಿಸಿ, ಬೆನ್ನು ಮೇಲೆ ಮಾಡಿ ಅವನ ಮೇಜಿನ ಮೇಲಿಟ್ಟಳು.

"ಕಾರ್ನಿವಾಲಿನ ಮಂಗಳವಾರ ಅಂಗಳಕ್ಕೆ ತನ್ನಿ ಮೇಷ್ಟ್ರೇ," ಎಂದಳು. "ಕಲ್ಲು ನಾವು ತರ್ತೀವಿ."